ಗೆಲ್ಲುವ ಪಾರ್ಟು

“ಹಂಗಲ್ಲ ಕಣೋ ಅಳಿಯ, ಗದ್ದ ಮೇಲಕ್ಕೆತ್ತಿ ಹಿಡ್ಕೋ. ಒತ್ತಬೇಡ.”

ಚಿಕ್ಕಹನುಮಯ್ಯ ಬಿಳಿ ಬಟ್ಟೆಯ ಪಟ್ಟಿಯನ್ನು ತನ್ನ ಅಕ್ಕನ ಗದ್ದದ ಅಡಿಯಿಂದ ತಂದು ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದ. ರಾಜೇಂದ್ರ ತಾಯಿಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಿದ್ದ. ಎಷ್ಟೋ ಜನರ ಗದ್ದಕ್ಕೆ ಗುದ್ದಿದ ಕೈಗಳು ಅವು. ಒಂದು ಗದ್ದವನ್ನು ಸುಮ್ಮನೆ ಹಿಡಿದುಕೊಳ್ಳುವುದು ಹೇಗೆಂದು ಅವಕ್ಕೆ ತಿಳಿದಿರಲಿಲ್ಲ.

ಮುನಿತಾಯಮ್ಮ ಬೆಳಗಿನ ಜಾವ ನೀರು ಬಂತೆಂದು ಕೊಡ ಹಿಡಿದು ಎದ್ದವಳು ನಲ್ಲಿಯ ಹತ್ತಿರವೇ ಕುಸಿದಿದ್ದಳು. ಆಸ್ಪತ್ರೆಗೆ ಹೋಗುವ ಆಟೋದಲ್ಲೇ ಉಸಿರು ನಿಂತಿತ್ತು. ಈಗ ಲಗ್ಗೆರೆಯ ಆ ಇಕ್ಕಟ್ಟು ಬೀದಿಯಲ್ಲಿ, ಮನೆಯ ಗೋಡೆಗೆ ಹಾಕಿದ ಬೆಂಚಿನ ಮೇಲೆ ಅವಳನ್ನು ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ವಿಜಯನಗರದ ಛತ್ರವೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ತರಕಾರಿ ಹೆಚ್ಚಿದವಳು. ಬೆರಳಿಗೆ ಹತ್ತಿದ ಬಾಳೆಕಾಯಿಯ ಕರೆ ಸ್ನಾನ ಮಾಡಿಸಿದರೂ ಹೋಗಿರಲಿಲ್ಲ.

“ನಿನ್ ಮೂಗು ಇನ್ನೂ ಹಂಗೇ ಸೊಟ್ಟಗಿದೆಯಲ್ಲ ರಾಜ,” ಎಂದ ಎದುರುಮನೆಯ ಆಟೋ ಮಹೇಶ್.

“ಅದು ಬಣ್ಣ ಕಣೋ. ನಮ್ಮಕ್ಕನೇ ಹೇಳಿದ್ಲು,” ಎಂದ ಚಿಕ್ಕಹನುಮಯ್ಯ. “ಇವ್ರು ಆಡೋದು ನಾಟ್ಕ. ಯಾರು ಗೆಲ್ಬೇಕು, ಯಾರು ಸೋಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರೆ.”

“ಬಣ್ಣ ಹಚ್ಚಿದ್ರೆ ಮೂಳೆ ಸೊಟ್ಟ ಆಗುತ್ತಾ ಯಜಮಾನ್ರೇ?”

“ನಿಂಗೇನ್ ಗೊತ್ತು? ನಮ್ಮೂರ ನಾಟ್ಕದಲ್ಲಿ ನಾನು ಹೆಣ್ಣು ವೇಷ ಹಾಕಿ ಬಂದ್ರೆ ನಮ್ಮಪ್ಪನೇ ಎದ್ದು ಜಾಗ ಬಿಡ್ತಿದ್ದ.”

ಯಾರೋ ನಕ್ಕರು. ಹೆಣದ ಮುಂದೆ ನಕ್ಕೆವಲ್ಲ ಎಂದು ಕೆಮ್ಮಿ ಸರಿಮಾಡಿಕೊಂಡರು.

“ಈಗ್ಲಾದ್ರೂ ನಿಜ ಹೇಳೋ ಅಣ್ಣ,” ಎಂದು ತಂಗಿ ಕಲಾ ಕಿವಿಯ ಹತ್ತಿರ ಬಂದು ಹೇಳಿದಳು. ನಾಟಕ ಎಂಬ ಆ ಸುಳ್ಳು ರಾಜೇಂದ್ರನದೇ. ಹೇಳಿಸಿಕೊಂಡವಳೇ ಹೋದ ಮೇಲೆ ಅದನ್ನು ಯಾರ ಮುಂದೆ ಬಿಚ್ಚುವುದು?

*

ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲವೂ ಸಲ್ಲುವ ಕಾಳಗ ಅದು. ಹುಡುಗರು ಎಮ್ಮೆಮ್ಮೆ ಎನ್ನುತ್ತಾರೆ. ಸುತ್ತ ಕಬ್ಬಿಣದ ಜಾಲರಿ, ಒಳಗೆ ಇಬ್ಬರು. ಬಸವೇಶ್ವರನಗರದ ಒಂದು ಜಿಮ್ಮಿನಲ್ಲಿ ಬೇರೆಯವರಿಗೆ ಕಸರತ್ತು ಹೇಳಿಕೊಡುತ್ತಿದ್ದ ರಾಜೇಂದ್ರ ಮೊದಲ ಸಲ ಆ ಜಾಲರಿಯೊಳಗೆ ಹೋಗಿ ಸೋತು ಬಂದಾಗ ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು.

“ಯಾರೋ ಹೊಡ್ದೋರು? ನಡಿ ಸ್ಟೇಷನ್ನಿಗೆ,” ಎಂದು ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಿದ್ದಳು.

ಅವನಿಗೆ ಬಾಯಿಗೆ ಬಂದದ್ದು ಇಷ್ಟು: “ಅಮ್ಮ, ಅದು ನಾಟ್ಕ. ಊರಲ್ಲಿ ಅಪ್ಪ ಕುಣೀತಿರ್ಲಿಲ್ವಾ, ಹಂಗೆ. ಇದೆಲ್ಲ ಬಣ್ಣ.”

ಅವಳು ಬಹಳ ಹೊತ್ತು ಆ ಕಣ್ಣನ್ನೇ ನೋಡಿದಳು. ಮುಟ್ಟಲಿಲ್ಲ.

“ಬಣ್ಣ ಹಚ್ಚೋನು ಚೆನ್ನಾಗಿ ಕಲ್ತವ್ನೆ,” ಎಂದಳು.

ಆಮೇಲೆ ಅವಳಿಗೆ ಅದರಲ್ಲಿ ರುಚಿ ಹತ್ತಿತು. ಛತ್ರದಿಂದ ಬಂದವಳು ಕಾಲು ಚಾಚಿ ಕೂತು ಮಗನ ಕಾಳಗಗಳನ್ನು ಮೊಬೈಲಿನಲ್ಲಿ ಹಾಕಿಸಿಕೊಂಡು ನೋಡುತ್ತಿದ್ದಳು. ಮೊಬೈಲಿನ ಕವರಿನೊಳಗೆ ಮುನೇಶ್ವರನ ಕುಂಕುಮದ ಪೊಟ್ಟಣ ಇಟ್ಟಿದ್ದಳು. ಮಗನಿಗೆ ಏಟು ಬಿದ್ದಾಗ, “ಆಹಾ, ಎಷ್ಟು ಚೆನ್ನಾಗಿ ಬೀಳ್ತಾನೆ ನೋಡೇ,” ಎಂದು ಪಕ್ಕದ ಮನೆಯ ಅಕ್ಕಯ್ಯಮ್ಮನಿಗೆ ತೋರಿಸುತ್ತಿದ್ದಳು. ರಾಜೇಂದ್ರ ಒಂದಾದಮೇಲೊಂದು ಸೋಲುತ್ತಲೇ ಇದ್ದ.

“ಲೋ ರಾಜ, ಯಾವಾಗ್ಲೂ ನಿಂಗೇ ಯಾಕೋ ಸೋಲೋ ಪಾರ್ಟು?”

“ನಂಗೆ ಅದೇ ಕೊಟ್ಟವ್ರೆ ಕಣಮ್ಮ.”

“ಪಾರ್ಟ್ ಹಂಚೋದು ಯಾರು?”

“ಪುರುಷೋತ್ತಮ್ ಸಾರ್ ಅಂತ. ಯಾರ ಎದ್ರು ಯಾರು ಅಂತ ಅವ್ರೇ ಹಾಕೋದು.”

“ನಿಮ್ಮಪ್ಪಂಗೂ ಮೊದ್ಲು ಬಾಗ್ಲು ಕಾಯೋನ ಪಾರ್ಟೇ ಕೊಟ್ಟಿದ್ರು. ನಿಮ್ಮಜ್ಜಿ ಎಲೆ ಅಡಿಕೆ, ತೆಂಗಿನ್ಕಾಯಿ ತಗೊಂಡು ಹಾರ್ಮೋನಿಯಂ ಮೇಷ್ಟ್ರ ಮನೆಗೆ ಹೋಗಿ ಕೇಳಿದ್ಮೇಲೆ ರಾಜನ ಪಾರ್ಟು ಬಂತು. ಬಾಯಿಬಿಟ್ಟು ಕೇಳ್ಬೇಕು ಕಣೋ.”

ರಾಜೇಂದ್ರ ನಕ್ಕು ಗೋಡೆಯ ಕಡೆ ತಿರುಗಿ ಮಲಗಿದ್ದ.

ಹೋದ ತಿಂಗಳು ಅವನು ಗೆದ್ದ. ಮೊದಲ ಗೆಲುವು. ಎದುರಾಳಿಯ ಕೈಯನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿ ತಿರುಚಿ ಹಿಡಿದಿದ್ದ. ಅವನು ಸೋತೆನೆಂದು ನೆಲ ತಟ್ಟಿದ ಸದ್ದು ಇವನ ಕಿವಿಯಲ್ಲಿ ಇನ್ನೂ ಇತ್ತು. ಬದುಕಿನಲ್ಲಿ ಇದೊಂದು ನನ್ನದು, ಯಾರೂ ಕೊಟ್ಟದ್ದಲ್ಲ ಎಂದು ಅವನು ನಂಬಿದ್ದ.

*

ಮಧ್ಯಾಹ್ನ ಬಾಯಿಗೆ ಅಕ್ಕಿ ಹಾಕುವ ಹೊತ್ತಾಯಿತು. ಒಬ್ಬೊಬ್ಬರೇ ಬಂದು ಅಕ್ಕಿ ಕಾಳು ಮುಟ್ಟಿಸಿ, ಪಾದ ಮುಟ್ಟಿ ಸರಿಯುತ್ತಿದ್ದರು. ಅಕ್ಕಯ್ಯಮ್ಮ ಮಾತ್ರ ಸರಿಯಲಿಲ್ಲ. ಬೆಂಚಿನ ಕಾಲು ಹಿಡಿದು ಕೂತು, ಹಳ್ಳಿಯ ಹೆಂಗಸರು ಅಳುವ ಹಾಗೆ, ಸತ್ತವಳ ಬದುಕನ್ನೆಲ್ಲ ರಾಗದಲ್ಲಿ ಎತ್ತಿ ಎತ್ತಿ ಹೇಳತೊಡಗಿದಳು. ಅಂಥ ಅಳುವಿನಲ್ಲಿ ಮುಚ್ಚಿಡುವುದು ಅಂತ ಇರುವುದಿಲ್ಲ.

“ಛತ್ರದಲ್ಲಿ ಮಿಕ್ಕಿದ್ದ ಪಾಯ್ಸ ಬೀದಿಗೆಲ್ಲ ಹಂಚ್ದೋಳೇ... ನನ್ನವ್ವಾ... ಮೈಲಿ ಎದ್ದ ಕೂಸ್ನ ಮಡ್ಲಲ್ಲಿ ಹಾಕ್ಕೊಂಡು ಸಾಕ್ದೋಳೇ... ಮಗಂಗೆ ಗೆಲ್ಲೋ ಪಾರ್ಟು ಕೊಡ್ಸೋಕೆ ಎಲೆ ಅಡಿಕೆ ಹಿಡ್ಕೊಂಡು ಹೋದೋಳೇ... ಆ ಸಾಮಿ ಆಯ್ತು ಅಂದಾಗ ಕಾಲಿಗೆ ಬೀಳೋಕೆ ಹೋದ್ಯಲ್ಲೇ...”

ರಾಜೇಂದ್ರ ತಲೆಯೆತ್ತಿದ. ಹೋಗಿ ಅವಳ ತೋಳು ಹಿಡಿದು ಎಬ್ಬಿಸಿ, ನೀರಿನ ಡ್ರಮ್ಮಿನ ಹಿಂದಕ್ಕೆ ಕರೆತಂದ.

“ಆಂಟಿ, ಏನಂದ್ರಿ ಈಗ?”

“ಏನಂದೆ?”

“ಯಾರತ್ರ ಹೋಗಿದ್ಲು ಅಮ್ಮ?”

ಅಕ್ಕಯ್ಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿಮ್ಮ ಮೇಷ್ಟ್ರತ್ರ ಕಣಪ್ಪ. ಆ ಪುರುಷೋತ್ತಮ. ಹೋದ್ ತಿಂಗ್ಳು ನಿನ್ ನಾಟ್ಕಕ್ಕೆ ಮುಂಚೆ. ನಾನೂ ಜೊತೇಲಿದ್ದೆ. ಮೆಟ್ಲು ಹತ್ತೋಕಾಗ್ದೆ ಎಲ್ಡು ಕಡೆ ಕೂತ್ಕೊಂಡ್ಲು. ಯಾವಾಗ್ಲೂ ನನ್ ಮಗನ್ನೇ ಸೋಲುಸ್ತೀರಲ್ಲ ಸಾಮಿ, ಒಂದ್ಸಲ ಅವನ್ಗೂ ಗೆಲ್ಲೋ ಪಾರ್ಟು ಕೊಡಿ ಅಂದ್ಲು. ಅವ್ರು ನಕ್ರು. ಎಲೆ ಅಡಿಕೆ ಎಲ್ಡೂ ಕೈಯಲ್ಲಿ ಇಸ್ಕೊಂಡ್ರು. ಆಯ್ತು ತಾಯಿ, ಈ ಸಲ ನಿಮ್ ಮಗಂದೇ ಅಂದ್ರು. ಒಳ್ಳೆ ಮನುಷ್ಯ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳ್ಬೇಡ ಅಂದಿದ್ಲು. ಅವನು ಮೇಷ್ಟ್ರೇ ಮೆಚ್ಚಿ ಕೊಟ್ರು ಅಂದ್ಕೊಳ್ಲಿ ಅಂತ.” ಅಕ್ಕಯ್ಯಮ್ಮ ದನಿ ಇಳಿಸಿದಳು. “ಆದ್ರೆ ಮೊಬೈಲಲ್ಲಿ ನೋಡ್ದಾಗ ಖುಷಿ ಪಡ್ಲಿಲ್ಲ ಕಣೋ. ಆ ಹುಡ್ಗ ಕೈ ಹಿಡ್ಕೊಂಡು ಕಿರಿಚ್ಕೊಂಡ್ನಲ್ಲ, ಅದನ್ನೇ ಮತ್ತೆ ಮತ್ತೆ ಹಾಕಿಸ್ಕೊಂಡ್ಲು. ಪಾಪ, ಇವನ ತಾಯಿ ಹೋಗಿ ಕೇಳ್ಲಿಲ್ವೇನೋ ಅಂದ್ಲು.”

ಬೀದಿಯಲ್ಲಿ ತಮಟೆಯವರು ಹುಲ್ಲುರಿಯಲ್ಲಿ ತಮಟೆ ಕಾಯಿಸುತ್ತಿದ್ದರು. ರಾಜೇಂದ್ರ ಬೆಂಚಿನ ಕಡೆ ನೋಡಿದ. ಬಾಯಿ ಕಟ್ಟಿಸಿಕೊಂಡು ಕೂತ ತಾಯಿ ಏನನ್ನೂ ಹೇಳುವ ಹಾಗಿರಲಿಲ್ಲ. ಅವಳು ಹೋಗಿ ಕೇಳಿದಳು. ಅವನು ಗೆದ್ದ. ಇವೆರಡರ ನಡುವೆ ಏನಿತ್ತು?

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕಾರು ನಿಂತಿತು. ದೊಡ್ಡ ಹಾರ ಹಿಡಿದು ಪುರುಷೋತ್ತಮ ಇಳಿದ. ಅವನ ಹಿಂದೆ, ಬಲಗೈಯನ್ನು ಕೊರಳಿಗೆ ತೂಗುಹಾಕಿಕೊಂಡು ಸುಘೋಷ್ ಬಂದ. ರಾಜರಾಜೇಶ್ವರಿನಗರದ ಹುಡುಗ, ಹಗಲು ಬ್ಯಾಂಕಿನಲ್ಲಿ ಕೆಲಸ. ರಾಜೇಂದ್ರ ಹೋದ ತಿಂಗಳು ಸೋಲಿಸಿದ್ದು ಅವನನ್ನೇ.

“ನೋಡಿದ್ರಾ, ಮುಖ ಮುಖ ಹೊಡ್ದಾಡ್ದೋನೇ ಸಾವಿಗೆ ಬಂದವ್ನೆ,” ಎಂದು ಚಿಕ್ಕಹನುಮಯ್ಯ ಗೆದ್ದವನಂತೆ ಸುತ್ತಲೂ ನೋಡಿದ. “ನಾಟ್ಕ ಅಂದ್ರೆ ನಂಬಲ್ಲ ನೀವು.”

ಮಹೇಶ್ ಕುರ್ಚಿ ತಂದುಕೊಡುತ್ತಾ, “ಕೈಯಿಂದೂ ಬಣ್ಣನಾ ಸಾರ್?” ಎಂದ. ಸುಘೋಷ್‌ಗೆ ಅರ್ಥವಾಗಲಿಲ್ಲ.

ಪುರುಷೋತ್ತಮ ಹಾರ ಹಾಕಿ ಕಣ್ಣು ಮುಚ್ಚಿ ನಿಂತ. ಅವನು ಇತ್ತ ತಿರುಗುವುದನ್ನೇ ರಾಜೇಂದ್ರ ಕಾಯುತ್ತಿದ್ದ.

“ಸಾರ್, ಅಮ್ಮ ನಿಮ್ಮತ್ರ ಬಂದಿದ್ಲಂತೆ.”

“ಬಂದಿದ್ರು ಕಣೋ. ಅಂಥ ತಾಯಿ...”

“ನೀವು ಆಯ್ತು ಅಂದ್ರಂತೆ.”

“ವಯಸ್ಸಾದೋರು, ಮೆಟ್ಲು ಹತ್ತಿ ಬಂದು ಎಲೆ ಅಡಿಕೆ ಕೊಟ್ರು. ಬೇಡ ಅನ್ನೋಕಾಗುತ್ತಾ ರಾಜೇಂದ್ರ?”

“ಏನ್ ಮಾಡಿದ್ರಿ ಸಾರ್?”

ಪುರುಷೋತ್ತಮ ಬೆಂಚಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ನೋಡು, ಜನ ಯಾರ್ನ ನೋಡೋಕೆ ಬರ್ತಾರೋ ಅವ್ರಿಗೆ ಸಲೀಸಾದ ಜೋಡಿ ಹಾಕ್ಬೇಕಾಗುತ್ತೆ. ಇಲ್ದಿದ್ರೆ ಹಾಲ್ ತುಂಬಲ್ಲ. ಇಷ್ಟು ದಿನ ನಿನ್ನನ್ನ ಅಂಥೋರ ಎದ್ರಿಗೆ ಹಾಕ್ತಿದ್ದೆ. ಈ ಸಲ ನಿನ್ನ ಎದ್ರಿಗೆ ಸಲೀಸಾದ ಒಬ್ಬನ್ನ ಹಾಕ್ದೆ. ಅಷ್ಟೇ.”

“ಹಂಗಾದ್ರೆ ಅಮ್ಮ ಅಂದಿದ್ದೇ ನಿಜ. ನೀವೇ ಪಾರ್ಟ್ ಹಂಚೋದು.”

“ಥೂ, ಹಂಗಲ್ಲ ಕಣೋ. ಒಳಗೆ ಹೋಗಿ ಬಾಗ್ಲು ಹಾಕಿದ್ಮೇಲೆ ನಾನು ಬೆರಳಾಡಿಸಿಲ್ಲ. ದೇವರಾಣೆ. ಗೆದ್ದಿದ್ದು ನೀನೇ.”

“ಸೋತಾಗ?”

“ಸೋತಿದ್ದೂ ನೀನೇ,” ಎಂದ ಪುರುಷೋತ್ತಮ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೂ ಗೊಂದಲವಾದಂತಿತ್ತು. ಮೊಬೈಲು ತೆಗೆದು ಯಾರಿಗೋ ಮಾತಾಡುತ್ತ ಕಾರಿನ ಕಡೆ ಸರಿದ.

ಸುಘೋಷ್ ಕುರ್ಚಿಯಲ್ಲಿ ಕೂರದೆ ಗೋಡೆಗೆ ಆನಿಕೊಂಡಿದ್ದ. ರಾಜೇಂದ್ರ ಅವನ ಪಕ್ಕ ಹೋಗಿ ನಿಂತ.

“ಬಿಟ್ಕೊಟ್ಯಾ ಮಗಾ?”

“ಏನು?”

“ಅವತ್ತು. ನಂಗೆ ಬಿಟ್ಕೊಟ್ಯಾ?”

ಸುಘೋಷ್‌ನ ಮುಖ ಕೆಂಪೇರಿತು. “ಇವತ್ತಿನ ದಿನ ಅಂತ ಸುಮ್ನಿದೀನಿ ಗುರು. ಬಿಟ್ಕೊಡೋನು ಕೈ ಕಿತ್ತು ಬರೋವರ್ಗೂ ಕಾಯ್ತಾನಾ? ಮೊದ್ಲೇ ತಟ್ಟಿ ಎದ್ದು ಹೋಗ್ತಿರ್ಲಿಲ್ವಾ?”

ರಾಜೇಂದ್ರನಿಗೆ ಉಸಿರು ಬಂದಂತಾಯಿತು. ಆದರೆ ಸುಘೋಷ್ ಮಾತು ನಿಲ್ಲಿಸಲಿಲ್ಲ.

“ಮೊಣಕಾಲು ಒಂದು ಸರಿ ಇದ್ದಿದ್ರೆ ನೀನು ನನ್ನ ಕೆಳಗೆ ಹಾಕೋಕೇ ಆಗ್ತಿರ್ಲಿಲ್ಲ.”

“ಯಾವ ಮೊಣಕಾಲು?”

“ಮುಂಚೇನೇ ಹೋಗಿತ್ತು ಗುರು. ಡಾಕ್ಟ್ರು ಬೇಡ್ವೇ ಬೇಡ ಅಂದಿದ್ರು. ಸಾರ್‌ಗೆ ಗೊತ್ತಿತ್ತು. ನಿಂಗೂ ಹೇಳಿದಾರೆ ಅನ್ಕೊಂಡಿದ್ದೆ. ಬಂದವ್ನೇ ಅದಕ್ಕೇ ಒದ್ದೆಯಲ್ಲ.”

ರಾಜೇಂದ್ರನಿಗೆ ಆ ಒದೆ ನೆನಪಾಯಿತು. ಶುರುವಿನಲ್ಲೇ ಒದ್ದದ್ದು. ಎದುರಿನವನ ಕಾಲು ಹಸಿ ಕಡ್ಡಿಯಂತೆ ಬಾಗಿತ್ತು. ತನ್ನ ಕಾಲಿಗೆ ಕೊನೆಗೂ ಬಲ ಬಂತೆಂದು ಅವತ್ತು ಮನೆಗೆ ಬಂದು ಮುನೇಶ್ವರನ ಪಟಕ್ಕೆ ಅಡ್ಡಬಿದ್ದಿದ್ದ.

“ಡಾಕ್ಟ್ರು ಬೇಡ ಅಂದ್ರೂ ಯಾಕೆ ಬಂದೆ?”

“ನಿನ್ನನ್ನ ಗೆಲ್ತೀನಿ ಅನ್ಕೊಂಡೆ,” ಎಂದ ಸುಘೋಷ್. “ನಿನ್ನನ್ನ ಎಲ್ರೂ ಗೆಲ್ತಾರಲ್ಲ.”

ನಿಜ ಹೇಳುವಾಗಲೂ ನೆಪ ಹೇಳುವಾಗಲೂ ಮನುಷ್ಯನ ಮುಖ ಒಂದೇ ಥರ ಇರುತ್ತದೆ. ರಾಜೇಂದ್ರ ಆ ಮುಖವನ್ನು ಎಷ್ಟು ನೋಡಿದರೂ ಯಾವುದೆಂದು ತಿಳಿಯಲಿಲ್ಲ.

“ಎಷ್ಟೊತ್ತು ಮಾತು? ಹೊತ್ತು ಇಳೀತಾ ಐತೆ,” ಎಂದು ಚಿಕ್ಕಹನುಮಯ್ಯ ಕೂಗಿದ. ತಮಟೆ ಶುರುವಾಯಿತು. ಹೆಂಗಸರ ಅಳು ಒಮ್ಮೆಲೇ ಎದ್ದಿತು. ಮುನಿತಾಯಮ್ಮನನ್ನು ಬೆಂಚಿನಿಂದ ಇಳಿಸಿ ಬಿದಿರಿನ ಚಟ್ಟದ ಮೇಲೆ ಮಲಗಿಸಿದರು. ಕಲಾ ತಾಯಿಯ ಕಾಲುಬೆರಳುಗಳನ್ನು ಬಿಡಲಾರದೆ ಬಿಟ್ಟಳು. ಚಿಕ್ಕಹನುಮಯ್ಯ ಬೆಂಕಿಯ ಮಡಕೆಯನ್ನು ಅಳಿಯನ ಕೈಗೆ ಕೊಟ್ಟ.

“ಮುಂದೆ ನಡಿ. ಗುಣಿ ಹತ್ರ ಹೋಗೋವರ್ಗೂ ಹಿಂದಕ್ಕೆ ತಿರುಗಬೇಡ. ಏನೇ ಆದ್ರೂ ತಿರುಗಬೇಡ.”

ಚಟ್ಟ ಎತ್ತುವಾಗ ಮುಂದಿನ ಬಲ ಮೂಲೆಗೆ ಹೆಗಲು ಸಾಲಲಿಲ್ಲ. ಮಹೇಶ್ ಸುತ್ತ ನೋಡುತ್ತಿದ್ದ.

“ಅಣ್ಣ, ನಾನ್ ಬರ್ತೀನಿ,” ಎಂದು ಸುಘೋಷ್‌ನ ದನಿ ಕೇಳಿತು.

“ಸಾರ್, ನಿಮ್ ಕೈ...”

“ಎಡ ಹೆಗಲು ಸರಿಯಾಗೇ ಇದೆ.”

ರಾಜೇಂದ್ರ ಆಗಲೇ ಮುಂದಕ್ಕೆ ತಿರುಗಿ ನಿಂತಿದ್ದ. ಸ್ಮಶಾನ ಮೂಡಣ ದಿಕ್ಕಿಗೆ. ಮೆರವಣಿಗೆ ಓಣಿ ದಾಟಿ ದೊಡ್ಡ ರಸ್ತೆಗೆ ಬಂದಾಗ ಇಳಿಹೊತ್ತಿನ ಬಿಸಿಲು ಬೆನ್ನಿಗೆ ಬಿತ್ತು. ಹಿಂದಿನಿಂದ ಹೆಜ್ಜೆಗಳ ಸದ್ದು, ತಮಟೆಯ ನಡುನಡುವೆ. ಅದರಲ್ಲಿ ಒಂದು ಹೆಜ್ಜೆ ನೆಲಕ್ಕೆ ಉಜ್ಜುತ್ತಿದೆಯೇ? ಕಿವಿಗೊಟ್ಟ. ತಮಟೆ ಬಿಡಲಿಲ್ಲ. ತಿರುಗಿ ನೋಡುವಂತಿರಲಿಲ್ಲ. ಕುತ್ತಿಗೆ ತಾನಾಗಿ ತಿರುಗಹೋದಾಗ, “ಬೇಡ, ಬೇಡ,” ಎಂದ ಮಾವ.

ಅವನು ತಲೆ ತಗ್ಗಿಸಿದ. ಚಟ್ಟದ ನೆರಳು ಹಿಂದಿನಿಂದ ಚಾಚಿಕೊಂಡು ಬಂದು ಅವನ ಪಾದಗಳ ಮುಂದೆ ಡಾಂಬರಿನ ಮೇಲೆ ಬಿದ್ದಿತ್ತು. ಸುಘೋಷ್ ಹೊತ್ತ ಬಲ ಮೂಲೆ ಹೆಜ್ಜೆಗೊಮ್ಮೆ ಕುಸಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಹೂವಿನ ಎಸಳುಗಳ ನೆರಳುಗಳೂ ಒಂದೊಂದೇ ಆ ಕಡೆಗೇ ಜಾರಿ ಬೀಳುತ್ತಿದ್ದವು. ರಾಜೇಂದ್ರ ಹೆಜ್ಜೆ ಸಣ್ಣದು ಮಾಡಿದ. ಹಿಂದಿನ ಹೆಗಲುಗಳೂ ನಿಧಾನವಾದವು. ನೆರಳು ಸಮವಾಯಿತು, ಕೊಂಚ ದೂರ ಸಮವಾಗಿಯೇ ಸಾಗಿತು. ಮಡಕೆಯ ಹೊಗೆ ಕಣ್ಣಿಗೆ ಬಂತು. ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದಾಗ ಬಲ ಮೂಲೆ ವಾಲುತ್ತಿತ್ತು. ಅವನು ಹೆಜ್ಜೆಯನ್ನು ಇನ್ನೂ ಸಣ್ಣದು ಮಾಡಿದ.