ಕಿವಿ ಮೇಸ್ತ್ರಿಯ ವೋಲ್ಟ್ ಮೀಟರ್

ಬೈಕಿನ ಹಾರ್ನನ್ನು ಒಮ್ಮೆ ಒತ್ತಿಸಿ, ತಲೆ ಓರೆ ಮಾಡಿ ಆಲಿಸಿ, ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಎಂದು ಹೇಳಿಬಿಡುತ್ತಿದ್ದ, ಗಾಡಿ ರಿಪೇರಿ ಮಾಡುವ ಅಪ್ಪನಿಗೆ ಬೀದಿಯವರು ಕಿವಿ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. "ಶ್ರುತಿ ಸರಿಯಿದೆ, ಹೋಗಿಬನ್ನಿ" ಎಂದನೆಂದರೆ ಗಾಡಿ ಹೋಗಿ ಬಂದಂತೆಯೇ. "ಗಂಟಲು ಕಟ್ಟಿದೆ" ಎಂದನೆಂದರೆ ಬ್ಯಾಟರಿ ಬಿಚ್ಚಲೇಬೇಕು. ಮೂವತ್ತು ವರ್ಷ ಆ ಮಾತು ಸುಳ್ಳಾಗಿರಲಿಲ್ಲ.

ಈಚೆಗೆ ಎರಡು ಸಲ ಸುಳ್ಳಾಯಿತು. ಎರಡು ಸಲವೂ ಮಗಳ ಗಾಡಿಯ ವಿಷಯದಲ್ಲೇ.

ಅವಳು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ಟುವ ನರ್ಸು. ಓಡಾಟಕ್ಕೆ ಅಪ್ಪನ ಹಳೆಯ ಬೈಕು. ಎರಡನೆಯ ಸಲ, ಹೋದ ವಾರ, ಅಪ್ಪ ಶ್ರುತಿ ಸರಿಯಿದೆ ಎಂದು ಕಳಿಸಿದ ಬೆಳಿಗ್ಗೆಯೇ, ಅದು ಸೇತುವೆಯ ಮೇಲೆ ಉಸಿರು ನಿಲ್ಲಿಸಿತು. ತಳ್ಳಿಕೊಂಡು ರೋಗಿಯ ಮನೆ ಮುಟ್ಟುವಷ್ಟರಲ್ಲಿ ಎರಡು ಗಂಟೆ ತಡ. ಕಾದು ಮಲಗಿದ್ದ ಅಜ್ಜಿಯ ಕಾಲಿನ ಪಟ್ಟಿ ತೊಯ್ದು ಹಾಸಿಗೆಗೆ ಅಂಟಿಕೊಂಡಿತ್ತು. ಅಜ್ಜಿ "ಬಂದ್ಯಾ ತಾಯಿ" ಎಂದಳೇ ಹೊರತು ಬೇರೆ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅಪ್ಪ ಬ್ಯಾಟರಿ ಮಾರಿದವನ ಜನ್ಮ ಜಾಲಾಡಿ, ಅದಕ್ಕೇ ಮತ್ತೆ ಚಾರ್ಜ್ ತುಂಬಿ ಕೂರಿಸಿದ. ಅಪ್ಪನ ಕಿವಿ ಮಂದವಾಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಅಮ್ಮನೂ ಆ ಒಂದು ಮಾತನ್ನು ಮಾತ್ರ ನುಂಗಿಕೊಂಡೇ ಇದ್ದಳು.

ಕೊನೆಗೆ ಮಗಳು ಸುತ್ತುದಾರಿ ಹಿಡಿದಳು. "ಅಪ್ಪಾ, ಗಾಡಿಗೊಂದು ವೋಲ್ಟ್ ಮೀಟರ್ ಹಾಕ್ಕೊಡು."

"ನಾನಿಲ್ವೇನೇ? ಮೀಟರ್ ಯಾಕೆ?"

"ದಾರೀಲಿ ಯಾರನ್ನ ಕೇಳ್ಲಿ? ನೀನು ಹಿಂದಿನ ಸೀಟಲ್ಲಿ ಕೂತು ಬರ್ತೀಯಾ?"

ಅಪ್ಪ ಅಂಗಿ ತೊಟ್ಟು ಹೊರಟೇಬಿಟ್ಟ.

ಬಿಡಿಭಾಗದ ಅಂಗಡಿಯವನು ಎರಡು ಮೀಟರುಗಳನ್ನು ಮುಂದಿಟ್ಟು, ಒಂದಕ್ಕೆ ತನ್ನ ಬ್ಯಾಟರಿಯಿಂದ ವೈರು ಮುಟ್ಟಿಸಿದ. ಕೆಂಪು ಅಂಕಿಗಳು ಹೊತ್ತಿಕೊಂಡವು. ಹನ್ನೆರಡು ಪಾಯಿಂಟ್ ನಾಲ್ಕು, ಆರು, ಮತ್ತೆ ಮೂರು.

"ಏನಯ್ಯ ಇದು, ಚೌಕಾಸಿ ಮಾಡೋರ ಥರ ಒಂದು ಮಾತಿಗೆ ನಿಲ್ಲಲ್ವಲ್ಲ!" ಎಂದ ಅಪ್ಪ. "ಆ ದುಂಡುಮುಖದ್ದು?"

"ಅದು ಮುಳ್ಳಿಂದು ಮೇಸ್ತ್ರಿ. ಒಳಗೆ ಮಂದ ಎಣ್ಣೆ ತುಂಬಿದೆ. ಗಾಡಿ ಎಷ್ಟು ಅದುರಿದ್ರೂ ಮುಳ್ಳು ನಡುಗಲ್ಲ. ನಿಧಾನ ಬರುತ್ತೆ, ಬಂದಲ್ಲಿ ನಿಲ್ಲುತ್ತೆ."

"ನಮ್ಮ ವಯಸ್ಸಿನೋನು ಅನ್ನು," ಎಂದು ಅಪ್ಪ ಅದನ್ನೇ ಎತ್ತಿಕೊಂಡ.

ಮಧ್ಯಾಹ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ ಕೆಲಸ ಶುರುಮಾಡಿದರು. ಅವಳು ಕೆಂಪು ವೈರನ್ನು ನೇರವಾಗಿ ಬ್ಯಾಟರಿಯತ್ತ ಎಳೆದಾಗ ಅಪ್ಪ ಕೈಮೇಲೆ ಮೆಲ್ಲಗೆ ಹೊಡೆದ.

"ಅಲ್ಲಿಗೆ ಕೊಟ್ರೆ ಮೀಟರೇ ಹಗಲೂ ರಾತ್ರಿ ಬ್ಯಾಟರಿ ಕುಡ್ಕೊಂಡು ಕೂರುತ್ತೆ. ಕೀ ದಾಟಿ ಬರೋ ವೈರಿಗೆ ಕೊಡು. ಕೀ ಹಾಕಿದ್ರೆ ಎಚ್ಚರ, ತೆಗೆದ್ರೆ ನಿದ್ದೆ."

ಹೆಡ್‌ಲೈಟ್ ಬಿಚ್ಚಿ ಆ ವೈರನ್ನು ಹುಡುಕಿದ. ನಡುವೆ ಸಣ್ಣ ಫ್ಯೂಸ್ ಕೂರಿಸಿ ಬೆಸೆದ. ಗಾಡಿಯ ಚಾಸಿ ಚೌಕಟ್ಟಿನ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಕಪ್ಪು ವೈರು ಬಿಗಿದ. ಹೆಡ್‌ಲೈಟ್ ಮರಳಿ ಕೂರಿಸಿ, ಹ್ಯಾಂಡಲ್ ಮೇಲೆ ಮೀಟರನ್ನು ಅವಳು ಕೂತ ಎತ್ತರಕ್ಕೆ ಸರಿಯಾಗಿ ವಾಲಿಸಿದ. ಈ ಬೆರಳುಗಳಿಗೆ ವಯಸ್ಸೇ ಆಗಿಲ್ಲ ಎಂದುಕೊಂಡು ಅವಳು ನೋಡುತ್ತ ನಿಂತಳು. ಕೀ ತಿರುಗಿಸಿದಾಗ ಮುಳ್ಳು ನಿದ್ದೆಯಿಂದೆದ್ದಂತೆ ಮೆಲ್ಲಗೆ ಮೇಲೇರಿ ಹನ್ನೆರಡೂವರೆ ವೋಲ್ಟಿನಲ್ಲಿ ನಿಂತಿತು.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಊಟಕ್ಕೆ ಮೂರು ಸಲ ಕೂಗಿದೆ. ನಾನೂ ಒಂದು ಹಾರ್ನ್ ಕಟ್ಕೋಬೇಕೋ ಏನೋ," ಎಂದಳು.

ಅಪ್ಪನನ್ನು ಕೆಣಕಿದಂತಾಯಿತು. "ಬಾರೇ ಮಗಳೇ, ಪಂದ್ಯ ಆಡೋಣ. ನಾನು ಆ ಕಡೆ ತಿರುಗಿ ಕೂತ್ಕೋತೀನಿ. ನೀನು ಹಾರ್ನ್ ಒತ್ತು. ನಾನು ಹೇಳಿದ್ದೂ ಮುಳ್ಳು ಹೇಳಿದ್ದೂ ಒಂದೇನಾ ನೋಡು."

ಬೇಡವೆನ್ನಲು ಆಗಲಿಲ್ಲ. ಹಾರ್ನ್ ಒತ್ತಿದಳು.

"ಹನ್ನೆರಡೂವರೆ!"

"ಸರಿ ಅಪ್ಪಾ."

"ಇನ್ನೊಂದು ಸಲ. ಮೋಸ ಬೇಕಾದ್ರೂ ಮಾಡು."

ಅವಳು ಸದ್ದಾಗದಂತೆ ಹೆಡ್‌ಲೈಟ್ ಹಾಕಿದಳು. ಲೈಟಿನ ಭಾರ ತಡೆಯದ ಹಳೆಯ ಬ್ಯಾಟರಿ; ಮುಳ್ಳು ಕೆಳಗಿಳಿಯುತ್ತ ಹನ್ನೊಂದೂವರೆಗೆ ಬಂದು ಕೂತಿತು. ಈಗ ಹಾರ್ನ್ ಒತ್ತಿದರೆ ಹೊರಟಿದ್ದು ಶೀತ ಹಿಡಿದವರ ಒಡಕು ದನಿ. ಎದುರುಮನೆಯಲ್ಲಿದ್ದವರಿಗೂ ಗೊತ್ತಾಗುವಂತಿತ್ತು.

"ಹನ್ನೆರಡೂವರೆ!" ಎಂದ ಅಪ್ಪ, ಮೊದಲಿಗಿಂತ ಗಟ್ಟಿಯಾಗಿ.

ಅವಳು ಆ ಬೆನ್ನನ್ನೇ ನೋಡಿದಳು. ಸವೆದ ಕಾಲರು, ಉತ್ತರ ಒಪ್ಪಿಸಿ ಭೇಷ್ ಎನ್ನಿಸಿಕೊಳ್ಳಲು ಕಾದಂತೆ ಸೆಟೆದ ಭುಜಗಳು. ನಿಜ ಹೇಳಲು ಇದೇ ಸಮಯ. ಅಜ್ಜಿಯ ಕಾಲು ಕಣ್ಣಮುಂದೆ ಬಂತು. ಆದರೂ ನಾಲಿಗೆ ತನ್ನಿಷ್ಟದಂತೆ ಹೊರಳಿತು.

"ಸರಿ ಅಪ್ಪಾ. ಹನ್ನೆರಡೂವರೆನೇ."

ಹೇಳುತ್ತಲೇ ಅವಸರದಲ್ಲಿ ಲೈಟ್ ಆರಿಸಿದಳು. ಅಪ್ಪ ಗೆದ್ದವನ ನಗುವಿನೊಂದಿಗೆ ತಿರುಗಿ ಮೀಟರ್ ನೋಡಿದ. ಎಣ್ಣೆಯೊಳಗಿನ ಮುಳ್ಳಿಗೆ ಅವಳ ಅವಸರ ಎಲ್ಲಿ ಗೊತ್ತು! ಅದು ಹನ್ನೊಂದೂವರೆಯಿಂದ ಹೊರಟು ತನ್ನ ಪಾಡಿಗೆ ತಾನು ಮೇಲೆ ಬರುತ್ತಿತ್ತು.

ಅದು ನಿಲ್ಲುವವರೆಗೂ ಅಪ್ಪ ನೋಡಿದ. ನಗು ಹಾಗೇ ಕರಗಿತು.

"ಲೈಟ್ ಹಾಕಿದ್ಯಾ?"

"ಹೂಂ."

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಒಂದು ವರ್ಷ ಆಯ್ತಪ್ಪ."

"ನಿಮ್ಮಮ್ಮಂಗೆ?"

"ಅದಕ್ಕೂ ಮುಂಚೆ."

ಅಮ್ಮ ಬಾಗಿಲಿಂದ ಒಳಗೆ ಹೋಗಿಬಿಟ್ಟಿದ್ದಳು.

ಅಪ್ಪ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತ ಕೂತ. ಒರೆಸಿದ್ದನ್ನೇ ಒರೆಸಿದ. "ಹಂಗಾದ್ರೆ ಅವತ್ತು ಸೇತುವೆ ಮೇಲೆ..."

"ಬ್ಯಾಟರಿ ಹಳೇದಾಗಿತ್ತಪ್ಪ, ಬಿಡು."

"ಅದು ಪಾಪ ಹೇಳಿತ್ತು ಕಣೇ. ನಂಗೆ ಕೇಳಿಸಲಿಲ್ಲ."

ಅವಳು ನೆಲದಲ್ಲೇ ಅಪ್ಪನ ಪಕ್ಕ ಕೂತಳು. ಸುಮ್ಮನೆ ಗ್ರೀಸ್ ಹತ್ತಿದ ಆ ಮುಂಗೈ ಮೇಲೆ ತನ್ನ ಕೈ ಇಟ್ಟಳು. ಅಪ್ಪ ಸ್ಪ್ಯಾನರನ್ನು ಕೆಳಗಿಟ್ಟು ಕೇಳಿದ:

"ಹೆಂಗಿತ್ತು ಆ ಸದ್ದು? ಎರಡನೇ ಸಲದ್ದು. ನೀನು ಮಾಡಿ ತೋರ್ಸು."

"ನಾನಾ? ಬೀದೀಲಿ ಜನ ಓಡಾಡ್ತಿದಾರೆ ಅಪ್ಪಾ!"

"ಓಡಾಡ್ಲಿ. ಈ ಕಡೆ ಬಾ, ಈ ಕಿವಿ ಪರವಾಗಿಲ್ಲ."

ಅವಳು ಆ ಕಡೆ ಸರಿದು, ಅವನ ಕಿವಿಗೆ ಬಾಯಿ ಹಚ್ಚಿ, ಗಂಟಲು ಬಿಗಿಹಿಡಿದು ಒಡಕು ದನಿಯಲ್ಲಿ ಎಳೆದಳು: "ಪ್ಯಾಂ... ಹ್ಯಾಂ..."

ಅಪ್ಪ ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಪೂರ್ತಿ ಆಲಿಸಿದ.

"ಅಯ್ಯಯ್ಯೋ," ಎಂದ, ಎದ್ದು ನಿಲ್ಲುತ್ತ. "ಇದು ಚಾರ್ಜ್ ಹಾಕಿದ್ರೆ ಆಗೋದಲ್ಲ ಕಣೇ. ಹೊಸಾ ಬ್ಯಾಟರಿನೇ ಬೇಕು. ನಡಿ, ಅಂಗಡಿ ಮುಚ್ಚೋದ್ರೊಳಗೆ ಹೋಗೋಣ."