ಜಂಪಣ್ಣನ ಹುಳು ಮನೆಗೆ ನುಗ್ಗಿದ ಒಣಗಾಳಿ

ಹಿರಿಯೂರಿನಿಂದ ಮಾರಿಕಣಿವೆ ಅಣೆಕಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿ ಜಂಪಣ್ಣ ಮತ್ತು ಅವನ ಹೆಂಡತಿ ದುರುಗಕ್ಕ ರೇಷ್ಮೆ ಹುಳು ಸಾಕುತ್ತಿದ್ದರು. ಅದು ಏಪ್ರಿಲ್ ತಿಂಗಳು. ಹುಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಹುಳು ಪೊರೆ ಬಿಡುವುದನ್ನೇ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಹಿಪ್ಪುನೇರಳೆ ಸೊಪ್ಪನ್ನು ಬಕಬಕನೆ ತಿನ್ನಬೇಕು, ವಾರದೊಳಗೆ ಗೂಡು ಕಟ್ಟಬೇಕು. ಆದರೆ ಇವು ತಲೆ ಎತ್ತಿಕೊಂಡು ಸುಮ್ಮನೆ ಬಿದ್ದಿದ್ದವು.

"ಸೊಪ್ಪು ಹಾಕಿ ಒಂದು ಗಂಟೆ ಆಗಿಲ್ಲ. ಹೆಂಗೆ ಹಪ್ಪಳ ಆಗೈತೆ ನೋಡ್ರಿ," ಅಂದಳು ದುರುಗಕ್ಕ.

"ಬ್ಯಾಸಿಗೆ ಕಣೇ, ಇನ್ನೇನಾಗ್ತೈತೆ? ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟು."

"ಮೂರು ಸಲ ಕಟ್ಟೀನಿ. ಕೈ ತೊಳಕೊಂಡು ಬರೋದ್ರೊಳಗೆ ಒಣಗೋಗ್ತೈತೆ."

ಮಧ್ಯಾಹ್ನದ ಹೊತ್ತಿಗೆ ಮೊದಲ ತಟ್ಟೆಯಲ್ಲಿ ಹುಳುಗಳು ಮೆತ್ತಗಾಗಿ ಜೋತುಬಿದ್ದವು. ದುರುಗಕ್ಕ ಪಕ್ಕದ ಹೊಲಕ್ಕೆ ಓಡಿದಳು. ಅಲ್ಲಿ ಉಚ್ಚಂಗಮ್ಮನದೂ ಒಂದು ಹುಳು ಮನೆ ಇತ್ತು. ಇಬ್ಬರೂ ಒಂದೇ ದಿನ, ಒಂದೇ ಕಡೆಯಿಂದ ಮರಿ ಹುಳು ತಂದಿದ್ದರು. ಉಚ್ಚಂಗಮ್ಮನ ಹುಳು ಚೆನ್ನಾಗಿ ತಿನ್ನುತ್ತಿದ್ದವು.

ಉಚ್ಚಂಗಮ್ಮ ಗೋಡೆಗೆ ನೇತುಹಾಕಿದ್ದ ಪುಟ್ಟ ಮೀಟರನ್ನು ತೆಗೆದುಕೊಂಡಳು. ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ತೋರಿಸುವ ಮೀಟರು ಅದು. ಹೊರಡುವ ಮುಂಚೆ ದುರುಗಕ್ಕನಿಗೆ ತೋರಿಸಿದಳು: ನೂರಕ್ಕೆ ಅರವತ್ತೆಂಟು. ಜಂಪಣ್ಣನ ಹುಳು ಮನೆಯೊಳಗೆ ಹಿಡಿದಾಗ ಅದು ಇಳಿಯುತ್ತಾ ಹೋಗಿ ನಲವತ್ತಮೂರಕ್ಕೆ ನಿಂತಿತು.

"ಬೆಳೆದ ಹುಳುವಿಗೆ ಎಪ್ಪತ್ತರ ಹತ್ತಿರ ಇರ್ಬೇಕು ಕಣಪ್ಪ," ಅಂದಳು ಉಚ್ಚಂಗಮ್ಮ.

"ಅಕ್ಕ, ಮೀಟರು ಕೆಟ್ಟಿರ್ಬೇಕು," ಅಂದ ಜಂಪಣ್ಣ. "ಅಲ್ಲಿ ಮಾರಿಕಣಿವೆ ತುಂಬೈತೆ. ಇಲ್ಲಿ ಗಾಳೀಲಿ ನೀರಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಡ್ಯಾಮು ಅಲ್ಲೈತೆ, ನಿನ್ನ ಹುಳು ಇಲ್ಲಿ ಅವೆ. ಬಾ ಹೊರಗೆ."

ಹೊರಗೆ ಪಡುವಲ ಗಾಳಿ ಕುಲುಮೆಯಿಂದ ಬಂದಂತೆ ಬೀಸುತ್ತಿತ್ತು. ಆ ಕಡೆ ಮೊದಲು ಹನ್ನೊಂದು ಹೊಂಗೆ, ನಾಲ್ಕು ಬೇವು ಸಾಲಾಗಿ ನಿಂತಿದ್ದವು. ಜನವರಿಯಲ್ಲಿ ಜಂಪಣ್ಣ ಜೆಸಿಬಿ ತರಿಸಿ ಅವನ್ನೆಲ್ಲ ಬೇರು ಸಮೇತ ಕೀಳಿಸಿದ್ದ.

"ಅವು ಸೊಪ್ಪಿನ ಗಿಡದ ನೀರು ಕುಡೀತಿದ್ವು ಅಕ್ಕ. ಅದಕ್ಕೇ ತೆಗೆಸ್ದೆ."

"ಕುಡೀತಿದ್ವು, ಸುಳ್ಳಲ್ಲ. ಆದ್ರೆ ಕುಡಿದಿದ್ದನ್ನ ಗಂಟು ಕಟ್ಟಿ ಇಟ್ಕೊಳ್ತಾವಾ? ಆಳದ ನೀರನ್ನ ಬೇರಲ್ಲಿ ಎಳೆದು ಎಲೆಯಿಂದ ಗಾಳಿಗೆ ಬಿಡ್ತಾವೆ. ಕೆಳಗಿನ ನೆಲಕ್ಕೆ ಬಿಸಿಲು ಬೀಳದಂಗೆ ನೋಡ್ಕೊಳ್ತಾವೆ. ಒಣಗಾಳಿ ಬಂದ್ರೆ ಅಡ್ಡ ನಿಂತು, ಇರೋ ತೇವ ಹಾರೋಗದಂಗೆ ತಡೀತಾವೆ. ಬೋಳು ನೆಲಕ್ಕೆ ಕಾಯೋದು ಬಿಟ್ರೆ ಬೇರೇನು ಗೊತ್ತು?"

"ಹಂಗಾದ್ರೆ ಮರ ಹಾಕಿದ ತಕ್ಷಣ ಮಳೆ ಬರ್ತೈತಾ?"

"ನಾಕು ಮರ ಹಾಕಿದ್ರೆ ಮಳೆ ಬರ್ತೈತೆ ಅಂತ ನಾನು ಹೇಳಲ್ಲಪ್ಪ. ಬಿದ್ದ ಮಳೆ ಬೇಗ ಆರೋಗಲ್ಲ, ಅಷ್ಟು ಹೇಳ್ತೀನಿ."

ಉಚ್ಚಂಗಮ್ಮ ಬಯಲಿನಲ್ಲೇ, ಬಿಸಿಲು ತಾಗದಂತೆ ಸೆರಗು ಅಡ್ಡ ಹಿಡಿದು, ಮೀಟರು ತೋರಿಸಿದಳು. ಮೂವತ್ತೊಂದು. ಆಮೇಲೆ ಮೂವರೂ ಅವಳ ಬೇವಿನ ಮರಗಳ ಕೆಳಗೆ ಹೋಗಿ ನಿಂತರು. ನಲವತ್ತೆಂಟು. ನಡುವೆ ಇದ್ದದ್ದು ಇನ್ನೂರು ಹೆಜ್ಜೆ ಅಷ್ಟೆ. ಜಂಪಣ್ಣ ಮೀಟರನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದ.

ಅವತ್ತು ಸಂಜೆಯವರೆಗೆ ಗಂಡ ಹೆಂಡತಿ ನೀರು ಹೊತ್ತರು. ನೆಲಕ್ಕೆ ಚಿಮುಕಿಸಿದರು, ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟರು. ಉಚ್ಚಂಗಮ್ಮ ತನ್ನ ತೋಟದ ಹಸಿ ಸೊಪ್ಪು ತಂದು ಕೊಟ್ಟಳು. ಆದರೂ ಮೂರು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹುಳು ಸತ್ತವು. ಜಂಪಣ್ಣ ಗುಂಡಿ ತೋಡಿದ. ದುರುಗಕ್ಕ ಬುಟ್ಟಿ ಬುಟ್ಟಿಯಾಗಿ ತಂದು ಸುರಿದು, ಮೇಲೆ ಸುಣ್ಣ ಹಾಕಿದಳು.

"ಜೆಸಿಬಿಯವನಿಗೆ ಮಜ್ಜಿಗೆ ಕೊಟ್ಟೋಳು ನಾನೇ," ಅಂದಳು. "ಬ್ಯಾಡ ಅನ್ನೋ ಒಂದು ಮಾತು ಬಾಯಿಗೆ ಬರ್ಲಿಲ್ಲ."

"ಸುಮ್ನಿರು. ಕೀಳಿಸಿದ್ದು ನಾನು."

ಉಳಿದ ಹುಳು ಕಟ್ಟಿದ ಗೂಡು ತೆಳ್ಳಗಿದ್ದವು; ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತಿದ್ದವು.

ಜೂನ್‌ನಲ್ಲಿ ಜಂಪಣ್ಣ ನರ್ಸರಿಯಿಂದ ಇಪ್ಪತ್ತು ಹೊಂಗೆ, ಬೇವಿನ ಸಸಿ ತಂದ. ಸೊಪ್ಪಿನ ಗಿಡಕ್ಕೆ ಬೇರು ತಾಕದಷ್ಟು ದೂರ ಬಿಟ್ಟು, ಗಾಳಿ ಬರುವ ಪಡುವಲ ಬದುವಿನಲ್ಲಿ ನೆಟ್ಟ. ಸೊಪ್ಪಿನ ಗಿಡದ ಸಾಲುಗಳ ನಡುವೆ ಬೋಳಾಗಿದ್ದ ನೆಲಕ್ಕೆಲ್ಲ ತರಗು ಹಾಸಿದ. ಸಸಿ ಅವನ ಮೊಣಕಾಲಿಗೆ ಬರುತ್ತಿದ್ದವು. ಅವು ಗಾಳಿ ತಡೆಯುವಷ್ಟು ಬೆಳೆಯಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಬೇಸಿಗೆಯಲ್ಲಿ ಹುಳು ಸಾಕುವುದಿಲ್ಲವೆಂದು ಇಬ್ಬರೂ ತೀರ್ಮಾನಿಸಿದರು. ಈಗ ಬೇಸಿಗೆ ಬಂದರೆ ಆ ಹುಳು ಮನೆಗೆ ಬೀಗ. ದುರುಗಕ್ಕ ಉಚ್ಚಂಗಮ್ಮನ ಹುಳು ಮನೆಗೆ ಕೂಲಿಗೆ ಹೋಗುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಮ್ಮದು ಮಳೆ ಕಮ್ಮಿಯ ಸೀಮೆ. ಇಲ್ಲಿ ಗಾಳಿಯಲ್ಲಿರುವ ಒಂದಿಷ್ಟು ತೇವವೂ ಗಿಡಮರ ಹಿಡಿದಿಟ್ಟುಕೊಂಡಿದ್ದು. ನಿಮ್ಮ ಬದುವಿನ ಮರಕ್ಕೆ ಗರಗಸ ಇಡುವ ಮುಂಚೆ ಒಂದು ಮಧ್ಯಾಹ್ನ ಅದರ ಕೆಳಗೆ ನಿಲ್ಲಿ, ಆಮೇಲೆ ಬಯಲಿಗೆ ಬಂದು ನಿಲ್ಲಿ. ನಿಮ್ಮ ಮೈಯೇ ವ್ಯತ್ಯಾಸ ಹೇಳುತ್ತದೆ. ಮರ ಇದ್ದರೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ಈ ಮುಂಗಾರಿನಲ್ಲೇ ನೆಡಿ. ಮರ ಕೀಳಲು ಜಂಪಣ್ಣನಿಗೆ ಅರ್ಧ ದಿನ ಸಾಕಾಯಿತು; ಮತ್ತೆ ಬೆಳೆಸಲು ಐದಾರು ವರ್ಷ ಬೇಕು.