ಕ್ಯಾಲೆಂಡರಿನ ಹಿಂದಿನ ತೂತು

ಗಂಡ ಬೆಳ್ಳಿಯಪ್ಪನ ತಲೆವಸ್ತ್ರವನ್ನು ಮುದ್ದೆ ಮಾಡಿ ಅಂಜನಮ್ಮ ಗೋಡೆಯ ತೂತಿನೊಳಗೆ ತುರುಕುತ್ತಿದ್ದಳು. ಕಾಲಡಿಯ ಸ್ಟೂಲು ಅಲುಗಾಡುತ್ತಿತ್ತು. ಅಂಗಳದಲ್ಲಿ ಅವನ ಹೆಣಕ್ಕೆ ನೀರು ಹೊಯ್ಯುವ ಸದ್ದು. ಬಟ್ಟೆ ಬಿಗಿಯಾಗಿ ಕೂತ ಮೇಲೆ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿ ಇಳಿದಳು. ತಪಾಸಣೆಗೆ ಬರುವವರಿಗೆ ಈಗ ಏನೂ ಕಾಣುತ್ತಿರಲಿಲ್ಲ.

ಬಾಣಂತಿ ಹೆಣ ನೋಡಬಾರದೆಂದು ಮಗಳು ಅರುಣಾಳನ್ನು ಹೊರಗೆ ಬಿಟ್ಟಿರಲಿಲ್ಲ. ಅತ್ತು ಸೋತು ಅವಳು ಮಂಚದ ಮೇಲೆ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಹನ್ನೆರಡು ದಿನದ ಕೂಸು.

ಬಾಗಿಲ ಬಳಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರಸನ್ನಕುಮಾರ್ ಕಾಯುತ್ತಿದ್ದರು.

"ತಪ್ಪು ತಿಳ್ಕೋಬೇಡಿ ಅಂಜನಮ್ಮ. ಕರೆಂಟು ಕಂಪನಿಯವ್ರು ಬಂದಾಗಿದೆ. ಹೆಣ ಎತ್ತೋವರೆಗೆ ತಡೀರಿ ಅಂತ ಕೈಮುಗ್ದಿದೀನಿ. ಇವತ್ತು ತಪ್ಪಿದ್ರೆ ರಿಬೇಟು ಹೋಯ್ತು."

"ಹೇಗೆ ನೋಡ್ತಾರೆ?"

"ಬಾಗಿಲಿಗೆ ಫ್ಯಾನು ಕಟ್ಟಿ ಊದ್ತಾರೆ. ಎಂಟು ಮನೇಲಿ ಎಲ್ಲಿ ಗಾಳಿ ಸೋರಿದ್ರೂ ಗೊತ್ತಾಗ್ತದೆ. ಸೋರಿದ್ರೆ ಸಾವ್ಕಾರ್ರು ಯಾರನ್ನ ಕೇಳ್ತಾರೆ ಹೇಳಿ? ಕಟ್ಟಿಸಿದ ಮೇಸ್ತ್ರಿ ಅಲ್ಲಿ ಮಲಗಿದಾನೆ."

ಉಳಿದದ್ದು ಅಂಜನಮ್ಮನಿಗೆ ಗೊತ್ತಿತ್ತು. ಲೈನಿನ ಸಾಲುಮನೆ ಎಸ್ಟೇಟಿನ ಕೆಲಸಗಾರನಿಗೆ ಕೊಡುವ ಮನೆ. ಕೆಲಸಗಾರ ಹೋದ. ಬಾಣಂತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಅಂಗಳದಲ್ಲಿ ಮುದುಕ ಕೆಂಚಯ್ಯ ಬೀಡಿ ಹಚ್ಚದೆ ಹಿಡಿದು ಕೂತಿದ್ದ. "ಹೊಸ ಮನೇಲಿ ಮೂರು ವಾರಾನೂ ಮಲಗ್ಲಿಲ್ಲ ಮಾರಾಯ. ಸುಣ್ಣದ ವಾಸನೆ ಹೋಗೋ ಮುಂಚೆ ಇವನೇ ಹೋದ."

"ಬೀಡಿ ಒಳಗಿಡಿ ಅಜ್ಜ," ಪಕ್ಕದ ಮನೆಯ ಕೃಷ್ಣಮ್ಮ ಗದರಿದಳು. "ಹೆಣ ಎತ್ತೋವರೆಗೆ ಲೈನಲ್ಲಿ ಬೆಂಕಿ ಕಾಣಬಾರ್ದು."

*

ಇಪ್ಪತ್ತೆಂಟು ವರ್ಷದ ಹಿಂದೆ, ಬಾಳೂರಿನ ಹಳೇ ಲೈನಿನಲ್ಲಿ ಅಂಜನಮ್ಮ ಮೊದಲ ಹೆರಿಗೆಯ ಬಾಣಂತಿ. ಗಾಳಿಮಳೆ. ಅವಳಿಗೆ ಥಂಡಿ ತಾಗಬಾರದೆಂದು ಬೆಳ್ಳಿಯಪ್ಪ ಸಂದುಗೊಂದಿಗೆಲ್ಲ ಗೋಣಿ ತುರುಕಿ, ಮಂಚದಡಿ ಕೆಂಡದ ಬಾಣಲೆ ಇಟ್ಟು, ಬಾಗಿಲು ಮುಚ್ಚಿದ್ದ. ಬೆಳಿಗ್ಗೆ ಅವಳನ್ನು ಎಳೆದು ಹೊರಗೆ ಹಾಕಿದಾಗ ಉಸಿರಿತ್ತು. ಕೂಸಿಗಿರಲಿಲ್ಲ.

ದೃಷ್ಟಿಯಾಯಿತು ಎಂದರು ಜನ. ಬೆಳ್ಳಿಯಪ್ಪ ಗೋಣಿಗಳನ್ನು ಒಂದೊಂದಾಗಿ ಕಿತ್ತು ಸುಟ್ಟ.

*

ಹೊಸ ಲೈನಿನ ನಕ್ಷೆ ಬಂದ ದಿನ ರೈಟರು ವಿವರಿಸಿದ್ದರು. ಕರೆಂಟು ಉಳಿಸುವಂತೆ ಕಟ್ಟಡ ಕಟ್ಟಿದರೆ ಆ ಖರ್ಚಿನ ಒಂದು ಪಾಲನ್ನು ಕರೆಂಟು ಕಂಪನಿ ರಿಬೇಟಾಗಿ ವಾಪಸು ಕೊಡುತ್ತದೆ. ಕಿಟಕಿಗೆ ಎರಡು ಗಾಜು, ಮಾಡಿನಡಿ ದಪ್ಪ ಶೀಟು. ಒಳಗಿನ ಬಿಸಿ ಹೊರಗೆ ಹೋಗುವಂತಿಲ್ಲ.

"ಬೆಂಕಿ ಇಟ್ರೆ?" ಬೆಳ್ಳಿಯಪ್ಪ ಕೇಳಿದ್ದ.

"ಬೆಂಕಿ ಯಾಕೋ? ಹೀಟರ್ ಇರ್ತದಲ್ಲ."

"ಆಷಾಢದಲ್ಲಿ ಕರೆಂಟು ಎಲ್ಲಿರ್ತದೆ ಸ್ವಾಮಿ?"

ರೈಟರು ನಕ್ಕು ನಕ್ಷೆ ಮಡಚಿದ್ದರು.

ಒಕ್ಕಲಾದ ದಿನ ಬೆಳ್ಳಿಯಪ್ಪ ಕ್ಯಾಲೆಂಡರ್ ಎತ್ತಿ, ಅಂಗೈಯಗಲದ ತೂತು ತೋರಿಸಿದ್ದ. "ನಮ್ಮನೆಗೆ ಮಾತ್ರ. ಯಾರಿಗೂ ಹೇಳ್ಬೇಡ."

*

ಹೆಣ ಎದ್ದಿತು. ಅಳಿಯ ದಯಾನಂದ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಚಟ್ಟ ಕಾಫಿಗಿಡಗಳ ನಡುವೆ ತಿರುವು ದಾಟುವವರೆಗೆ ಅಂಜನಮ್ಮ ನಿಂತು ನೋಡಿದಳು. ಆಮೇಲೆ ಹೆಂಗಸರು ಅವಳನ್ನು ನಲ್ಲಿಯ ಬಳಿ ಕೂರಿಸಿ ತಲೆಗೆ ನೀರು ಹೊಯ್ದರು. ಲೈನಿನ ಆ ತುದಿಯಲ್ಲಿ, ಎಂಟನೇ ಮನೆಯ ಮುಂದೆ, ಕಂಪನಿಯ ಅಧಿಕಾರಿ ಬಾಗಿಲಿಗೆ ಕಟ್ಟುವ ಫ್ಯಾನನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದ.

ಒದ್ದೆ ಸೀರೆಯಲ್ಲಿ ನಡುಗುತ್ತ ಅವಳು ಕೇಳಿದಳು: "ಅರುಣಾ ಎದ್ಲಾ?"

"ಮಲಗಿದಾಳೆ ಅಂಜನಕ್ಕ. ಹೆಣ ಎತ್ತಿದ್ದೇ ತಡ, ಕೆಂಡ ಇಟ್ಟು ಲೋಬಾನ ಹಾಕಿ, ಬಾಗಿಲು ಭದ್ರ ಎಳ್ಕೊಂಡು ಬಂದೆ," ಎಂದಳು ಕೃಷ್ಣಮ್ಮ. "ಬೆಳಗಿಂದ ಬಾಣಂತಿ ಥಂಡೀಲಿ..."

ಅಂಜನಮ್ಮನಿಗೆ ಉಳಿದದ್ದು ಕೇಳಿಸಲಿಲ್ಲ. ಓಡಿದಳು. ಬಾಗಿಲು ತಳ್ಳಿದಾಗ ಬಿಸಿ ಮುಖಕ್ಕೆ ಹೊಡೆಯಿತು. ಕೋಣೆ ತುಂಬ ಬಿಳಿ ಹೊಗೆ. "ಅರುಣಾ!" ಉತ್ತರವಿಲ್ಲ. ಸ್ಟೂಲು ಉರುಳಿತು. ಮಂಚದ ಅಂಚಿಗೆ ಕಾಲಿಟ್ಟು ಕ್ಯಾಲೆಂಡರ್ ಹರಿದು, ಬಟ್ಟೆಯ ತುದಿ ಹಿಡಿದು ಜಗ್ಗಿದಳು. ಬರಲಿಲ್ಲ. ಮತ್ತೆ ಜಗ್ಗಿದಳು. ತಲೆವಸ್ತ್ರ ಕಳಚಿ ಬಂದು ಅವಳ ಮೇಲೆಯೇ ಬಿತ್ತು.

ಹಿಂದೆಯೇ ಓಡಿಬಂದ ಕೃಷ್ಣಮ್ಮ ಅರುಣಾಳ ತೋಳು ಹಿಡಿದು ಎಳೆದಳು. ಅಂಜನಮ್ಮ ಕೂಸನ್ನು ಎದೆಗವಚಿ ಹಿಂಬಾಗಿಲಿನಿಂದ ಹೊರಗೆ ಧುಮುಕಿದಳು. ಕೂಸಿನ ತಲೆ ಜೋತಿತ್ತು. ಅಂಗಾಲಿಗೆ ತಟ್ಟಿದಳು. ಬೆನ್ನು ನೀವಿದಳು. ಇಪ್ಪತ್ತೆಂಟು ವರ್ಷದ ಹಿಂದಿನ ಅದೇ ಭಾರ, ಅದೇ ಬಿಸಿ.

ಕೂಸು ಕೆಮ್ಮಿತು. ಆಮೇಲೆ ಕಿರುಚಿತು.

ಹಿಂದಿನ ಜಗಲಿಯ ಮೇಲೆ ಅರುಣಾ ವಾಂತಿ ಮಾಡುತ್ತ, "ಅವ್ವಾ, ತಲೆ..." ಎಂದಳು.

ಅಂಜನಮ್ಮ ಕಣ್ಣೆತ್ತಿದಳು. ಕಡಿದ ಮಣ್ಣಿನ ಧರೆಯ ಕಡೆಗಿದ್ದ ಆ ಹಿಂಗೋಡೆಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಮಾಡಿನ ಕೆಳಗೆ ಅವಳ ಮನೆಯ ತೂತಿನಿಂದ ಹೊಗೆ ಎಳೆಯಾಗಿ ಹೊರಡುತ್ತಿತ್ತು. ಅದರಾಚೆ, ಎರಡನೇ ಮನೆಯ ಗೋಡೆಯಲ್ಲಿ ಹಸಿರು ಲಂಗದ ತುದಿ ಇಣುಕುತ್ತಿತ್ತು. ಮೂರನೆಯದರಲ್ಲಿ ಗೋಣಿ. ನಾಲ್ಕನೆಯದರಲ್ಲಿ ಹಳೇ ಬನಿಯನ್. ಕೊನೆಯ ಮನೆಯವರೆಗೂ.

"ನಿಮ್ಮನೆಗೆ ಮಾತ್ರ ಅಂತ ನಂಗೂ ಅಂದಿದ್ದ ಬೆಳ್ಳಿಯಪ್ಪಣ್ಣ," ಕೃಷ್ಣಮ್ಮ ಲಂಗದತ್ತ ಕೈ ತೋರಿದಳು. "ಬೆಳಿಗ್ಗೆ ನಾನೇ ಮುಚ್ಚಿದ್ದು."

ಕೂಸಿನ ಅಳು ಕೇಳಿ ಬೂಟಿನ ಸದ್ದು ಮೂಲೆ ತಿರುಗಿತು. ಅಧಿಕಾರಿ, ಅವನ ಹಿಂದೆ ರೈಟರು. ಹೆಗಲ ಮೇಲೆ ಬಿದ್ದಿದ್ದ ತಲೆವಸ್ತ್ರವನ್ನು ಅಂಜನಮ್ಮ ಬಚ್ಚಿಡಲಿಲ್ಲ.

ಕೃಷ್ಣಮ್ಮ ಅವರತ್ತ ನೋಡಲೇ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಎರಡೂ ಕೈಯಿಂದ ಹಸಿರು ಲಂಗವನ್ನು ಗೋಡೆಯಿಂದ ಎಳೆಯತೊಡಗಿದಳು.